ನಲವತ್ತು ಮಿಷನ್ನಿನ ಯಜಮಾನರು ಕೋಟೆ ನೋಡಿದ್ದು

ನಮ್ಮ ಬೀದಿಯ ದರ್ಜಿಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಬಟ್ಟೆ ಕೇಳಲು ಹೋದವರಿಗೆಲ್ಲ ಮೂವತ್ತು ವರ್ಷಗಳಿಂದ 'ನಾಳೆ ಬನ್ನಿ' ಎಂಬ ಒಂದೇ ಉತ್ತರ ಕೊಟ್ಟು ಕೊಟ್ಟು ಅವರಿಗೆ ನಾಳೆರಾಯರು ಎಂಬ ಹೆಸರು ಕಾಯಂ ಆಗಿತ್ತು. ಇದರಲ್ಲಿ ಮೋಸವೇನೂ ಇರಲಿಲ್ಲ. ನಾಳೆ ಹೋದರೆ ಬಟ್ಟೆ ಸಿಗದಿದ್ದರೂ ರಾಯರು ಸಿಗುತ್ತಿದ್ದರು, ಕೂರಲು ಸ್ಟೂಲು ಸಿಗುತ್ತಿತ್ತು, ಬೀದಿಯ ಸಮಾಚಾರವೆಲ್ಲ ಸಿಗುತ್ತಿತ್ತು. ನನ್ನದೊಂದು ಪ್ಯಾಂಟು ಕಾಲು ಗಿಡ್ಡ ಮಾಡಿಸಿಕೊಳ್ಳಲು ಅಲ್ಲಿಗೆ ಹೋಗಿ ಎರಡು ವರ್ಷವಾಯಿತು. ಅಷ್ಟರಲ್ಲಿ ನಾನೇ ದಪ್ಪಗಾಗಿರುವುದರಿಂದ ಅದನ್ನು ಕೇಳುವ ಮುಖವೂ ನನಗಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ಮುಂದೆ ನಾನು ಅವರ ಪರ ವಹಿಸಿ ಮಾತಾಡಿದರೆ ಅದರಲ್ಲಿ ನನಗೇನೋ ಲಾಭವಿದೆ ಎಂದು ಯಾರೂ ತಿಳಿಯಬಾರದು.

ಈ ನಾಳೆರಾಯರ ಮಗಳಿಗೆ ಮದುವೆಯ ಮಾತು ಬಂತು. ಹುಡುಗ, ಹುಡುಗಿ ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವರು. ಮೂರು ವರ್ಷದ ಪರಿಚಯ, ಇಬ್ಬರೂ ಒಪ್ಪಿ ಕೂತಿದ್ದರು. ಎರಡೂ ಕಡೆಯ ಹಿರಿಯರು ಒಂದು ಸಲ ಎದುರುಬದುರಾಗಿ ಹೂಂ ಅನ್ನುವುದಷ್ಟೇ ಬಾಕಿ. ಇಷ್ಟು ಸಲೀಸಾದ ಕೆಲಸವನ್ನು ಕೆಡಿಸುವುದು ಸಾಮಾನ್ಯ ಮನುಷ್ಯರಿಂದ ಆಗುವುದಲ್ಲ, ಅದಕ್ಕೆ ಹೆಂಡತಿಯ ತಮ್ಮನೇ ಬೇಕು. ರಾಯರ ಭಾವಮೈದ ಪೀಠೋಪಕರಣದ ಅಂಗಡಿಯಲ್ಲಿ ಸೋಫಾ ಮಾರುವವನು. ಇಬ್ಬರು ಕೂರುವ ಸೋಫಾವನ್ನು ಐದು ಜನರದ್ದೆಂದು ಹೇಳಿ ಹೇಳಿ ಅವನಿಗೆ ಯಾವ ವಸ್ತುವಿನ ಬಗ್ಗೆಯೂ ಇದ್ದ ಅಳತೆಯಲ್ಲಿ ಮಾತಾಡುವುದು ಮರೆತುಹೋಗಿತ್ತು.

ಹುಡುಗನ ತಂದೆಯ ಫೋನು ಬಂದಾಗ ಇವನು ಅಂಗಡಿಯಲ್ಲೇ ಇದ್ದ. ಏನು ಕೆಲಸ ಮಾಡಿಕೊಂಡಿದ್ದೀರಿ ಎಂದು ಆ ಕಡೆಯವರು ಕೇಳಿದ್ದಕ್ಕೆ ರಾಯರು "ಬಟ್ಟೆ ಕೆಲಸ" ಎಂದರು. ಗಾಬರಿಯಾದಾಗ ಮಾಡುವಂತೆ ಗುಂಡುಸೂಜಿಗಳನ್ನು ಒಂದೊಂದಾಗಿ ತುಟಿಯಲ್ಲಿ ಕಚ್ಚಿಕೊಳ್ಳತೊಡಗಿದರು. ಮಾತು ನಿಂತಿದ್ದನ್ನು ನೋಡಿ ಭಾವಮೈದ ಫೋನು ಕಸಿದುಕೊಂಡು, ನಾನು ಹುಡುಗಿಯ ಸೋದರಮಾವ, ನಮ್ಮ ಭಾವನವರದ್ದು ಸಿದ್ಧ ಉಡುಪಿನ ಕಾರ್ಖಾನೆ, ನಲವತ್ತು ಮಿಷನ್ನು ಓಡುತ್ತಿವೆ, ಅವರಿಗೆ ಫೋನಿನಲ್ಲಿ ಮಾತಾಡಲು ಪುರಸೊತ್ತಿಲ್ಲ ಎಂದುಬಿಟ್ಟ. ರಾಯರು ತಡೆಯಲು ಹೋದರು. ಆದರೆ ಬಾಯಲ್ಲಿ ಹನ್ನೊಂದು ಗುಂಡುಸೂಜಿಗಳಿದ್ದವು. ಅವನ್ನು ನುಂಗದೆ ತೆಗೆಯುವಷ್ಟರಲ್ಲಿ ಕಾರ್ಖಾನೆ ಕಟ್ಟಿ ಮುಗಿದು ಫೋನು ಇಟ್ಟಾಗಿತ್ತು.

ಮರುದಿನ ತಾವೇ ಫೋನು ಮಾಡಿ ಸರಿಪಡಿಸಬಹುದಿತ್ತು. ಮಾಡಲಿಲ್ಲ. ಎರಡು ದಿನ ಅವರು ಸ್ವಲ್ಪ ಎದೆಯೆತ್ತಿ ನಡೆದದ್ದನ್ನು ನಾನೇ ನೋಡಿದ್ದೇನೆ. ಮೂವತ್ತು ವರ್ಷ ಒಂದೇ ಮಿಷನ್ನು ತುಳಿದವರಿಗೆ ಎರಡು ದಿನದ ಮಟ್ಟಿಗೆ ನಲವತ್ತು ಸಿಕ್ಕರೆ ಯಾರಿಗೆ ತಾನೆ ಬಿಡಲು ಮನಸ್ಸು ಬರುತ್ತದೆ. ಮೂರನೆಯ ದಿನ ವಿಷಯ ಮಗಳಿಗೆ ಗೊತ್ತಾಯಿತು. ನಾನು ಅವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೀನಿ, ಈಗ ಅವರಮ್ಮನ ಮುಂದೆ ಸುಳ್ಳುಗಾರರು ಯಾರಾಗಬೇಕು, ನಾನೋ ನೀವೋ ಎಂದು ಅವಳು ಕೇಳಿದಳು. ರಾಯರ ಮುಖ ಇಳಿದುಹೋಯಿತು. ಭೇಟಿಯಾದ ಕೂಡಲೇ ಮೊದಲ ಮಾತಿಗೇ ನಿಜವನ್ನು ಹೇಳಿಬಿಡುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟರು.

ಭೇಟಿಯ ಜಾಗವನ್ನು ಆರಿಸಿದವನೂ ಭಾವಮೈದನೇ. ಎರಡೂ ಊರಿನ ನಡುವೆ ಒಂದು ಸರೋವರ, ಅದರ ದಂಡೆಯ ಮೇಲೆ ಏಳುನೂರು ವರ್ಷದ ಹಳೆಯ ಕೋಟೆ, ಕೋಟೆಯೊಳಗೆ ಐದು ವಸ್ತುಸಂಗ್ರಹಾಲಯಗಳು. ದೊಡ್ಡವರು ಹೋಟೆಲಿನಲ್ಲಿ ಭೇಟಿಯಾಗುವುದಿಲ್ಲ, ಇಂಥ ಕಡೆ ಭೇಟಿಯಾಗುತ್ತಾರೆ ಎಂಬುದು ಅವನ ವಾದ. ಹೊರಡುವ ದಿನ ಬೆಳಿಗ್ಗೆ ಅವನು ರಾಯರ ಕುತ್ತಿಗೆಯಿಂದ ಅಳತೆಯ ಟೇಪನ್ನು ತೆಗೆಸಿದ. ಕಿವಿಯ ಮೇಲಿದ್ದ ಸೀಮೆಸುಣ್ಣ ತೆಗೆಸಿದ. ಕೋಟಿನಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಕೀಳಿಸಿದ. ಎದುರಿಗೆ ಬಂದವರ ಮುಖ ನೋಡಬೇಕು, ಹೊಲಿಗೆ ನೋಡಬಾರದು ಎಂದು ಮೂರು ಸಲ ಹೇಳಿಕೊಟ್ಟ. ಟೇಪಿಲ್ಲದ ಕುತ್ತಿಗೆಯನ್ನು ರಾಯರು ಬಸ್ಸಿನಲ್ಲಿ ದಾರಿಯುದ್ದಕ್ಕೂ ತಡವಿಕೊಳ್ಳುತ್ತಿದ್ದರು.

ಹನ್ನೆರಡಕ್ಕೆ ಅಂಗಳದ ಬಾವಿಯ ಹತ್ತಿರ ಸೇರುವುದೆಂದು ಮಾತಾಗಿತ್ತು. ಇವರು ಹತ್ತೂವರೆಗೇ ತಲುಪಿದರು. ಮೂರು ಕಡೆ ನೀರು, ಮುಂದೆ ಮರದ ಸೇತುವೆ, ನಾಲ್ಕು ದುಂಡು ಗೋಪುರ. ಹೊಸ ಚಪ್ಪಲಿ ಕಚ್ಚುತ್ತಿದೆಯೆಂದು ಹೆಂಡತಿ ಬಾವಿಕಟ್ಟೆಯ ಮೇಲೆ ಕೂತರು, ಮಗಳು ಜೊತೆಗೆ ಕೂತಳು. ಬೀಗರ ಮುಂದೆ ಹೇಳಲು ನಾಲ್ಕು ಇಸವಿ ಬಾಯಿಪಾಠ ಮಾಡಿಕೊಳ್ಳಬೇಕೆಂದು ಭಾವಮೈದ ಗೋಪುರ ಹತ್ತಿದ.  ರಾಯರು ಶೌಚಾಲಯ ಎಲ್ಲಿ ಎಂದು ಹುಡುಕುತ್ತ ಬಾಣದ ಗುರುತೊಂದನ್ನು ಹಿಡಿದು ಹೊರಟರು. ಅದು ಆಯುಧಗಳ ಸಂಗ್ರಹಾಲಯದ ಬಾಣ. ಅಲ್ಲಿಂದ ಇನ್ನೊಂದು ಬಾಣ ಹಿಡಿದರು, ಗಡಿಯಾರಗಳ ಸಂಗ್ರಹಾಲಯ ಬಂತು. ಹೀಗೆ ಬಾಣಗಳನ್ನು ನಂಬಿ ನಂಬಿ ಕೊನೆಗೆ ಅವರು ಹಳೆಯ ಕಸುಬುಗಳ ಸಂಗ್ರಹಾಲಯಕ್ಕೆ ಬಂದು ಬಿದ್ದರು.

ಅಲ್ಲಿ ಉದ್ದನೆಯ ಕೋಣೆ. ಒಂದೊಂದು ಮೂಲೆಯಲ್ಲಿ ಒಂದೊಂದು ಕಸುಬಿನವನ ಗೊಂಬೆ. ಕಮ್ಮಾರ, ಪೀಪಾಯಿ ಮಾಡುವವನು, ಜೋಡು ಹೊಲಿಯುವವನು. ಕಿಟಕಿಯ ಪಕ್ಕದಲ್ಲಿ ದಪ್ಪ ಹಗ್ಗ ಕಟ್ಟಿದ ಒಂದು ಅಂಗಡಿ, ಅದರಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ನು. ರಾಯರಿಗೆ ನಮ್ಮ ಬೀದಿಗೇ ವಾಪಸು ಬಂದೆನೋ ಎನ್ನಿಸಿತಂತೆ. ಅದೇ ಮಿಷನ್ನು, ಅದೇ ಕಪ್ಪು ಬಣ್ಣ, ತುಳಿಯುವ ಕಡೆ ಅದೇ ಸವಕಲು. ಪಕ್ಕದ ಫಲಕದಲ್ಲಿ 'ಹಿಂದಿನ ಕಾಲದ ದರ್ಜಿ. ಇಂಥ ಯಂತ್ರದ ಮೇಲೆ ಇವನು ದಿನವಿಡೀ ದುಡಿಯುತ್ತಿದ್ದನು' ಎಂದು ಬರೆದಿತ್ತು. ರಾಯರು ಎರಡು ಸಲ ಓದಿದರು. ಅವರು ಹಿಂದಿನ ದಿನ ಸಂಜೆಯಷ್ಟೇ ಇಂಥದ್ದರ ಮೇಲೆ ಒಂದು ಶಾಲೆಯ ಚೀಲದ ಪಟ್ಟಿ ಹೊಲಿದು ಬಂದಿದ್ದರು.

ತಾನು ಹಿಂದಿನ ಕಾಲಕ್ಕೆ ಸೇರಿಹೋಗಿದ್ದೇನೆ ಎಂಬ ಸುದ್ದಿಯನ್ನು ಅವರು ಹೇಗೋ ಸಹಿಸಿಕೊಂಡರು. ಆದರೆ ಗೊಂಬೆ ದರ್ಜಿ ಸೂಜಿ ತಳ್ಳಲು ನಡುಬೆರಳಿಗೆ ಹಾಕಬೇಕಾದ ಲೋಹದ ಬೆರಳುಟೋಪಿಯನ್ನು ಹೆಬ್ಬೆರಳಿಗೆ ಹಾಕಿಕೊಂಡಿದ್ದ. ಕತ್ತರಿಯನ್ನು ತಲೆಕೆಳಗಾಗಿ ಹಿಡಿದಿದ್ದ. ಮಿಷನ್ನಿನ ಬೆಲ್ಟು ಜಾರಿ ಜೋತಾಡುತ್ತಿತ್ತು, ದಾರ ಎಲ್ಲೆಲ್ಲಿ ಹೋಗಬಾರದೋ ಅಲ್ಲೆಲ್ಲ ಹೋಗಿತ್ತು. ಇದನ್ನು ನೋಡಿಕೊಂಡು ಸುಮ್ಮನಿರುವುದು ಯಾವ ದರ್ಜಿಗೂ ಆಗದ ಮಾತು. ಆಚೀಚೆ ಯಾರೂ ಇರಲಿಲ್ಲ. ರಾಯರು ಹಗ್ಗ ದಾಟಿ ಒಳಗೆ ಹೋದರು. ಗೊಂಬೆಯನ್ನು ಎತ್ತಿ ಗೋಡೆಗೆ ಒರಗಿಸಿ, ಸ್ಟೂಲಿನ ಮೇಲೆ ಕೂತು, ಬೆಲ್ಟು ಏರಿಸಿ, ದಾರ ಬಿಡಿಸಿ ಸರಿಯಾದ ಕೊಕ್ಕೆಗಳಲ್ಲಿ ಹಾಯಿಸಿದರು, ಸೂಜಿಯ ಕಣ್ಣಿನಲ್ಲಿ ಮಾತ್ರ ಅದು ಪುಣ್ಯಕ್ಕೆ ಮೊದಲೇ ಇತ್ತು. ಒಂದು ಸಲ ತುಳಿದು ನೋಡಿದರು. ಮಿಷನ್ನು ಎರಡು ಸಲ ನರಳಿ, ಮೂರನೆಯ ಸಲಕ್ಕೆ ಟಕಟಕ ಎಂದು ಹೊರಟಿತು. ಆ ಸದ್ದು ಕಿವಿಗೆ ಬಿದ್ದಮೇಲೆ ರಾಯರಿಗೆ ಶೌಚಾಲಯವೂ ಮರೆಯಿತು, ಬಾವಿಕಟ್ಟೆಯೂ ಮರೆಯಿತು.

ಆ ಹೊತ್ತಿಗೆ ಸರಿಯಾಗಿ ಗೈಡ್ ಒಬ್ಬಳು ಇಪ್ಪತ್ತು ಜನ ಪ್ರವಾಸಿಗಳನ್ನು ಕರೆದುಕೊಂಡು ಒಳಗೆ ಬಂದಳು. ಗೊಂಬೆಯ ಜಾಗದಲ್ಲಿ ಜೀವಂತ ಮನುಷ್ಯನನ್ನು ಕಂಡು ಅವಳಿಗೂ ಗಾಬರಿಯಾಗಿರಬೇಕು. ಆದರೆ ಗೈಡ್‌ಗಳು ಗಾಬರಿಯನ್ನು ತೋರಿಸುವ ಜಾತಿಯಲ್ಲ. ಇದು ನಮ್ಮ ಕೋಟೆಯ ವಿಶೇಷವಾದ ಜೀವಂತ ಪ್ರದರ್ಶನ ಎಂದು ಘೋಷಿಸಿಯೇಬಿಟ್ಟಳು. ಜನ ಚಪ್ಪಾಳೆ ತಟ್ಟಿದರು. ರಾಯರ ಜೀವಮಾನದಲ್ಲಿ ಅವರು ಹೊಲಿಯುವುದನ್ನು ನೋಡಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಎದ್ದು ಬರಬೇಕೆಂದುಕೊಂಡವರು ಇನ್ನೊಂದು ನಿಮಿಷ ಕೂತರು. ಮುಂದಿನ ಸಾಲಿನ ಹೆಂಗಸೊಬ್ಬಳು ಕಿತ್ತುಹೋದ ಚೀಲದ ಕಿವಿಯನ್ನು ಮುಂದೆ ಚಾಚಿದಳು, ಹೊಲಿದುಕೊಟ್ಟರು. ಅವಳ ಹಿಂದೆ ಹರಿದ ಜೇಬೊಂದು ಬಂತು. ಅದರ ಹಿಂದೆ ಒಂದು ಛತ್ರಿ. ಹತ್ತು ನಿಮಿಷದಲ್ಲಿ ಸಾಲು ಕಮ್ಮಾರನ ಗೊಂಬೆಯವರೆಗೆ ಬೆಳೆಯಿತು.

ಗದ್ದಲ ಕೇಳಿ ಕಾವಲುಗಾರ ಓಡಿಬಂದ. ಹಗ್ಗದೊಳಗೆ ಕೂತವನನ್ನು ಎಬ್ಬಿಸಿ ಕಳಿಸುವುದು ಅವನ ಕರ್ತವ್ಯ, ಅದನ್ನೇ ಮಾಡಲು ಬಾಯಿ ತೆರೆದ. ಅಷ್ಟರಲ್ಲಿ ರಾಯರ ಕಣ್ಣು ಅಭ್ಯಾಸಬಲದಿಂದ ಅವನ ಸಮವಸ್ತ್ರದ ಕಂಕುಳಿಗೆ ಹೋಯಿತು. ಅಲ್ಲಿ ಹೊಲಿಗೆ ಬಿಟ್ಟು ಮೂರು ಬೆರಳು ತೂರುವಷ್ಟು ಜಾಗವಾಗಿತ್ತು. ಎಂಟು ತಿಂಗಳಿಂದ ಹೊಸ ಅಂಗಿಗೆ ಅರ್ಜಿ ಹಾಕಿ ಕೈ ಎತ್ತದೆ ಕಾವಲು ಕಾಯುತ್ತಿದ್ದವನು ಅವನು. ಐದು ನಿಮಿಷದ ನಂತರ ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ ನೋಡಿಕೊಂಡ. ಆಮೇಲೆ ಅದೇ ಕೈಗಳಿಂದ ಸಾಲನ್ನು ನೆಟ್ಟಗೆ ಮಾಡತೊಡಗಿದ.

ಅವನ ಹಿಂದೆ ಬಂದವರು ಸಂಗ್ರಹಾಲಯದ ಮೇಲ್ವಿಚಾರಕರು. ಅವರದ್ದು ಕಂಕುಳಲ್ಲಿ ಸದಾ ಕಡತವಿರುವ ಸಣಕಲು ದೇಹ. ಜೀವಂತ ಪ್ರದರ್ಶನಕ್ಕೆ ಒಬ್ಬ ಕಸುಬುದಾರನನ್ನು ಕಳಿಸಿಕೊಡಿ ಎಂದು ಅವರು ಮುಖ್ಯ ಕಚೇರಿಗೆ ಬರೆದು ಒಂದು ವರ್ಷವಾಗಿತ್ತು. ಮೊದಲೇ ತಿಳಿಸದೆ ಮನುಷ್ಯರನ್ನು ಕಳಿಸುವುದು ಮುಖ್ಯ ಕಚೇರಿಯ ಪದ್ಧತಿಯೇ ಆದ್ದರಿಂದ ಅವರಿಗೆ ಇದರಲ್ಲಿ ಅನುಮಾನವೇ ಬರಲಿಲ್ಲ. ನಿಯಮದ ಪ್ರಕಾರ ನೇಮಕದ ಕಾಗದ ಕೇಳಿದರು. ರಾಯರಿಗೆ ತುರುಸಿನ ಕೆಲಸ, ಕಾಗದ ಎಂದದ್ದು ಯಾವುದೋ ಗಿರಾಕಿಯ ಚೀಟಿಯೆಂದು ತಿಳಿದು, ತಲೆಯೆತ್ತದೆ "ನಾಳೆ ಬನ್ನಿ" ಎಂದರು. ಮೇಲ್ವಿಚಾರಕರಿಗೆ ಪೂರ್ತಿ ನಂಬಿಕೆ ಬಂದದ್ದು ಆಗಲೇ. ಇಷ್ಟು ಸಲೀಸಾಗಿ ಹೀಗೆ ಹೇಳಬೇಕಾದರೆ ಮುಖ್ಯ ಕಚೇರಿಯವನೇ ಆಗಿರಬೇಕು ಎಂದು ಕಡತ ಬಿಚ್ಚಿ, 'ದರ್ಜಿ ಒಬ್ಬರು ಹಾಜರು' ಎಂದು ಬರೆದುಕೊಂಡರು.

ಹನ್ನೊಂದೂವರೆಯ ಸುಮಾರಿಗೆ ಸಾಲು ಕರಗಿ ಕೊನೆಗೆ ಒಬ್ಬ ಹೆಂಗಸು ಉಳಿದರು. ಐವತ್ತು ದಾಟಿದವರು, ಕೈಯಲ್ಲಿ ಗಂಡಸಿನ ಕಂದು ಕೋಟು. ಅದರ ನಡುವಿನ ಗುಂಡಿ ಕಿತ್ತುಬಂದಿತ್ತು, ಉಳಿದೆರಡು ನೇತಾಡುತ್ತಿದ್ದವು.

"ಸ್ವಲ್ಪ ಬೇಗ ಆಗುತ್ತಾ. ನಮ್ಮೋರು ಆಯುಧದ ಕೋಣೇಲಿ ಬರೀ ಶರ್ಟಲ್ಲಿ ನಿಂತಿದಾರೆ. ಯಾರಿಗೂ ಕಾಣಬಾರದು ಅಂತ ಒಂದು ಕಬ್ಬಿಣದ ಕವಚದ ಹಿಂದೆ ನಿಲ್ಲಿಸಿ ಬಂದಿದೀನಿ."

ಗುಂಡಿಯನ್ನು ಕೈಯಲ್ಲೇ ಹೊಲಿಯಬೇಕು. ಭಾವಮೈದನ ಕಣ್ಣು ತಪ್ಪಿಸಿ ಕಾಲರಿನ ಅಡಿಯಲ್ಲಿ ಉಳಿದುಕೊಂಡಿದ್ದ, ದಾರ ಪೋಣಿಸಿದ ಒಂದು ಸೂಜಿಯನ್ನು ರಾಯರು ಹೊರಗೆ ತೆಗೆದರು. ಒಂದೇ ದಿನ ಮೂರೂ ಗುಂಡಿ ಸಡಿಲವಾಗುವುದು ಹೇಗೆ ಎಂದು ಕುತೂಹಲಕ್ಕೆ ಕೇಳಿದರು. ಆಕೆ ಸುಸ್ತಾಗಿ ಜೋಡು ಹೊಲಿಯುವ ಗೊಂಬೆಯ ಪಕ್ಕದ ಬೆಂಚಿನಲ್ಲಿ ಕೂತು, ಅಪರಿಚಿತರ ಮುಂದೆ ಮಾತ್ರ ಬರುವ ಧೈರ್ಯದಿಂದ ಎಲ್ಲವನ್ನೂ ಹೇಳಿಕೊಂಡರು. ಹೆದರಿಕೆಯಾದರೆ ಗುಂಡಿ ತಿರುವುವುದು ಅವರ ಯಜಮಾನರ ಚಾಳಿ. ಬೆಳಿಗ್ಗೆ ದೋಣಿ ಹತ್ತಿದಾಗಿನಿಂದ ತಿರುವುತ್ತಲೇ ಇದ್ದಾರೆ. ಮಗನಿಗೊಂದು ಸಂಬಂಧ ಬಂದಿದೆ, ಹುಡುಗಿಯ ತಂದೆ ಭಾರಿ ಕುಳ, ನಲವತ್ತು ಮಿಷನ್ನಿನ ಯಜಮಾನರು.

ಸೂಜಿ ರಾಯರ ಬೆರಳಿಗೆ ಚುಚ್ಚಿತು. ಅವರು ಬೆರಳು ಚೀಪುತ್ತ ಕೇಳಿಸಿಕೊಂಡರು.

"ನಮ್ಮೋರು ದೋಣೀಲಿ ಟಿಕೆಟ್ ಹರಿಯೋರು. ಮನೇಲಿ ಇರೋದು ಎರಡು ಕೋಣೆ. ಮಗ ಹೇಳ್ತಾನೆ, ಅಮ್ಮಾ, ಅವರಪ್ಪ ಸಾದಾ ದರ್ಜಿ ಅಂತ. ನಮ್ಮ ಹೆದರಿಕೆ ನೋಡಿ ಸಮಾಧಾನಕ್ಕೆ ಹಾಗೆ ಹೇಳ್ತಾನೆ ಅಷ್ಟೇ. ಹುಡುಗಿ ಸೋದರಮಾವನೇ ಫೋನಲ್ಲಿ ಹೇಳಿದಾರಲ್ಲ. ಅಂಥ ಮನೇಲಿ ಬೆಳೆದವಳು ನಮ್ಮ ಎರಡು ಕೋಣೇಲಿ ಎಷ್ಟು ದಿನ ನಗ್ತಾ ಇರ್ತಾಳೆ ಹೇಳಿ. ಅದಕ್ಕೇ ಬೇಡ ಅಂತ ಹೇಳೋಕೆ ಬಂದಿದೀವಿ. ಮಗನಿಗೆ ಇನ್ನೂ ಹೇಳಿಲ್ಲ. ಬೇಡ ಅನ್ನೋವಾಗಲಾದ್ರೂ ಗುಂಡಿ ಸರಿ ಇರಲಿ."

 ಮಗಳ ಮದುವೆ ಕೂಡಿಬರಲೆಂದು ನಲವತ್ತು ಮಿಷನ್ನು ಓಡಿಸಿದ್ದು, ಈಗ ಆ ನಲವತ್ತೂ ಸೇರಿ ಮದುವೆಯನ್ನು ಮುರಿಯುತ್ತಿವೆ.  ಸೂಜಿ ಹಿಡಿದ ಮೇಲೆ ಕೆಲಸವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ರಾಯರಿಗಿಲ್ಲ, ಮೊದಲು ನಡುವಿನ ಗುಂಡಿಯನ್ನು ಮುಗಿಸಿದರು. ಆಮೇಲೆ ತಲೆಯೆತ್ತಿ ನೋಡಿದರು. "ಅಮ್ಮ, ಆ ಹುಡುಗಿ ಅಪ್ಪ ನಾನೇ. ಮಿಷನ್ನು ಇರೋದು ಒಂದೇ. ಥೇಟ್ ಇಂಥದ್ದೇ."

ಆಕೆ ಒಂದು ಗಳಿಗೆ ಅವರನ್ನೇ ನೋಡಿದರು. ಬೆಳಗಿನಿಂದ ಒಂದೇ ಸಮನೆ ಕೂತು ದಣಿದಿದ್ದೀರಿ, ಎದ್ದು ಸ್ವಲ್ಪ ನೀರು ಕುಡಿಯಿರಿ ಎಂದು ಕನಿಕರದಿಂದ ಹೇಳಿದರು. ರಾಯರು ಮತ್ತೆ ಅದನ್ನೇ ಹೇಳಿದರು. ಈಗ ಆಕೆ ಕಾವಲುಗಾರನ ಮುಖ ನೋಡಿದರು. ಇವರು ನಮ್ಮ ಇಲಾಖೆಯವರಮ್ಮ, ನನ್ನ ಅಂಗಿ ಹೊಲಿದುಕೊಟ್ಟವರು ಎಂದು ಅವನು ಕೈಯೆತ್ತಿ ಸಾಕ್ಷಿ ತೋರಿಸಿದ. ಮೇಲ್ವಿಚಾರಕರು ಕಡತ ತೆರೆದು, ಇವರನ್ನು ಮುಖ್ಯ ಕಚೇರಿಯೇ ಕಳಿಸಿದ್ದು, ದಾಖಲಾಗಿದೆ ಎಂದು ಬೆರಳಿಟ್ಟು ತೋರಿಸಿದರು. ಸುಳ್ಳನ್ನು ಒಂದೇ ಫೋನಿನಲ್ಲಿ ನಂಬಿದ ಲೋಕ ನಿಜಕ್ಕೆ ಇಬ್ಬರು ಎದುರುಸಾಕ್ಷಿಗಳನ್ನು ತಂದು ನಿಲ್ಲಿಸಿತ್ತು.

ಈ ಹೊತ್ತಿಗೆ ಬಾಗಿಲಲ್ಲಿ ಭಾವಮೈದ ಕಾಣಿಸಿಕೊಂಡ. ಹುಡುಗ ತನ್ನ ತಂದೆಯನ್ನು ಹುಡುಕುತ್ತ ಬಂದವನು ಇವನ ಕೈಗೆ ಸಿಕ್ಕಿದ್ದ. ಇಬ್ಬರೂ ಸೇರಿ ಕವಚದ ಹಿಂದಿನಿಂದ ಆ ಬಡಪಾಯಿಯನ್ನು ಬಿಡಿಸಿದ್ದರು. ಅಲ್ಲಿಂದ ಇಲ್ಲಿಯವರೆಗಿನ ದಾರಿಯಲ್ಲಿ ಮಿಷನ್ನುಗಳು ಅರವತ್ತಾಗಿದ್ದವು, ಸಮುದ್ರದಾಚೆಗೂ ಬಟ್ಟೆ ಹೋಗತೊಡಗಿತ್ತು. ಬರೀ ಶರ್ಟಿನಲ್ಲಿದ್ದ ಬೀಗರು ತಿರುವಲು ಕೋಟಿನ ಗುಂಡಿಯೂ ಸಿಗದೆ ತಮ್ಮ ಕಿವಿಯನ್ನು ತಿರುವಿಕೊಳ್ಳುತ್ತಿದ್ದರು. ಹಗ್ಗದೊಳಗೆ ಮಿಷನ್ನಿನ ಮುಂದೆ ಕೂತ ಭಾವನನ್ನು ಕಂಡು ಭಾವಮೈದನ ನಾಲಿಗೆ ಒಂದು ಕ್ಷಣ ನಿಂತಿತು, ಒಂದೇ ಕ್ಷಣ. ನಮ್ಮ ಭಾವನವರು ಹಳೆಯ ಮಿಷನ್ನುಗಳನ್ನು ಕೊಳ್ಳುವ ಮೊದಲು ತಾವೇ ಕೂತು ಪರೀಕ್ಷಿಸುತ್ತಾರೆ ಎಂದ. ಇದು ಮಾರಾಟಕ್ಕಿಲ್ಲ ಎಂದು ಮೇಲ್ವಿಚಾರಕರು ಸಿಡುಕಿದರು. ಕೋಟೆಯ ಸಾಮಾನನ್ನೇ ಕೊಳ್ಳಲು ಬಂದವರು ಎಂದು ಕೇಳಿ ಬೀಗರು ಇನ್ನಷ್ಟು ಕುಗ್ಗಿದರು. ಹೆಂಡತಿಯ ಹತ್ತಿರ ಸರಿದು, ಬೇಡ ಅನ್ನೋದನ್ನ ನೀನೇ ಹೇಳಿಬಿಡು, ನನ್ನ ಕೈಲಾಗಲ್ಲ ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಹುಡುಗನಿಗೂ ಕೇಳಿಸಿತು. ಅವನು ಬೆಪ್ಪಾಗಿ ತಾಯಿಯ ಮುಖ ನೋಡಿದ.

ರಾಯರು ಭಾವಮೈದನ ಕಡೆ ತಿರುಗಿದರು. ಬದುಕಿನಲ್ಲಿ ಮೊದಲ ಸಲ ಅವನಿಗೆ "ನೀನು ಸುಮ್ಮನಿರಪ್ಪ" ಎಂದರು. ಗದರಲಿಲ್ಲ, ಸೋತ ದನಿಯಲ್ಲಿ ಹೇಳಿದರು. ಹಾಗೆ ಹೇಳಿದ್ದಕ್ಕೇ ಇರಬೇಕು, ಅವನು ಸುಮ್ಮನಾದ.  ಮಾತು ಬರದಿದ್ದಾಗ ರಾಯರಿಗೆ ಉಳಿಯುವುದು ಕೆಲಸ ಒಂದೇ. ಕೋಟಿನಲ್ಲಿ ಇನ್ನೂ ಎರಡು ಗುಂಡಿ ಸಡಿಲವಾಗಿದ್ದವು, ಸೂಜಿಯ ದಾರ ಮುಗಿದಿತ್ತು. ಅವರು ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ದಾರ ಪೋಣಿಸಲು ಹೋದರು. ದಾರ ಪಕ್ಕಕ್ಕೆ ಹೋಯಿತು. ಇನ್ನೊಮ್ಮೆ ಹಿಡಿದರು, ಮತ್ತೆ ಪಕ್ಕಕ್ಕೆ ಹೋಯಿತು.  ಕೋಣೆಯಲ್ಲಿ ಇದ್ದವರೆಲ್ಲ ಆ ಸೂಜಿಯ ಕಣ್ಣನ್ನೇ ನೋಡುತ್ತ ನಿಂತರು.

ಆಗ ಮಗಳು ಬಂದಳು. ಅಪ್ಪ ಎಲ್ಲಿ ಹೋದರೆಂದು ಅರ್ಧ ಕೋಟೆ ಸುತ್ತಿದವಳು, ಚೀಲ ಹೊಲಿಸಿಕೊಂಡು ಹೋಗುತ್ತಿದ್ದವರನ್ನು ಕೇಳಿ ಈ ಕಡೆ ಬಂದಿದ್ದಳು, ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದ ತಾಯಿ. ಯಾರು ನಿಂತಿದ್ದಾರೆ, ಏನು ನಡೆಯುತ್ತಿದೆ ಎಂದು ಅವಳು ಕೇಳಲಿಲ್ಲ. ಅಪ್ಪ ಸೂಜಿ ಎತ್ತಿ ಹಿಡಿದಿದ್ದನ್ನು ಕಂಡಳು, ಹಗ್ಗ ದಾಟಿದಳು, ಸೂಜಿ ತೆಗೆದುಕೊಂಡು ದಾರದ ತುದಿಯನ್ನು ತುಟಿಗೆ ಒತ್ತಿ ಒಂದೇ ಸಲಕ್ಕೆ ಪೋಣಿಸಿ, ತುದಿಗೆ ಗಂಟು ಹಾಕಿ, ಅಪ್ಪನ ಬೆರಳುಗಳ ನಡುವೆ ಇಟ್ಟಳು. ಆಮೇಲೆ ಮುಂಗೈಯಿಂದ ಅವರ ಕೋಟಿನ ಮೇಲಿದ್ದ ದಾರದ ಚೂರುಗಳನ್ನು ಕೊಡವಿದಳು.

ಹುಡುಗನ ತಾಯಿಗೆ ಅವಳ ಫೋಟೋ ನೋಡಿ ಗುರುತಿತ್ತು. ಅವರು ಬೆಂಚಿನಿಂದ ಎದ್ದರು.

"ಇದೆಲ್ಲ ನಿನಗೆ ಹೇಗೆ ಗೊತ್ತಮ್ಮ" ಎಂದು ಕೇಳಿದರು.

"ಅಪ್ಪನಿಗೆ ಹತ್ತಿರದ್ದು ಕಾಣಲ್ಲ. ದಿನಾ ಬೆಳಿಗ್ಗೆ ಹತ್ತು ಸೂಜಿ ಪೋಣಿಸಿಟ್ಟು ಡ್ಯೂಟಿಗೆ ಹೋಗ್ತೀನಿ. ಶಾಲೆಗೆ ಹೋಗೋವಾಗಿಂದಲೂ ಹಾಗೇ."

"ಮದುವೆ ಆದಮೇಲೆ?"

ಹುಡುಗಿ ಇದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡಿದ್ದಳು. "ಭಾನುವಾರ ಬಂದು ಎಪ್ಪತ್ತು ಪೋಣಿಸಿಟ್ಟು ಹೋಗ್ತೀನಿ" ಎಂದಳು.

 ಮೇಲ್ವಿಚಾರಕರು ಕಡತ ಮುಚ್ಚಿದರು. ಹುಡುಗನ ತಾಯಿ ಗಂಡನ ಕಡೆ ಒಂದು ಸಲ ನೋಡಿದರು, ಹುಡುಗಿಯ ಕಡೆ ನೋಡಿದರು, ಕೊನೆಗೆ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಗುಂಡಿ ಹೊಲಿಯುತ್ತಿದ್ದ ರಾಯರ ಕಡೆ ನೋಡಿದರು. ನಂತರ ಗಂಡನ ಕೈ ಹಿಡಿದು ಹಗ್ಗದವರೆಗೆ ಕರೆತಂದರು.

"ಬೀಗರೇ, ಇವರ ಕೋಟಿನ ತೋಳು ಸ್ವಲ್ಪ ಉದ್ದ ಆಯ್ತು ಅಂತ ನಾನು ಮೊದಲಿಂದ ಹೇಳ್ತಾನೇ ಇದೀನಿ. ಒಂದು ಸಲ ನೋಡಿ."

ದೋಣಿಯ ಬೀಗರು ಹಗ್ಗ ದಾಟಿ ಒಳಗೆ ಬಂದು, ಗುಂಡಿ ಗಟ್ಟಿಯಾದ ಕೋಟು ತೊಟ್ಟು, ಎರಡೂ ಕೈ ಮುಂದೆ ಚಾಚಿ ನಿಂತರು.